ಬಲ ನಿಂತರೂ ನಿಲ್ಲದ ಚಲನೆ

ಬೆಂಗಳೂರಿನ ಪೀಣ್ಯದ ಲೇತ್ ಶೆಡ್ಡುಗಳಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನಿಗೆ ಮೊದಲು ಹೇಳಿಕೊಡುವ ಪಾಠಗಳಲ್ಲಿ ಒಂದು: ಸ್ವಿಚ್ ಆರಿಸಿದ ಕೂಡಲೇ, ಲೋಹದ ತುಂಡನ್ನು ಹಿಡಿದು ತಿರುಗುವ ಚಕ್‌ಗೆ ಕೈ ಹಾಕಬೇಡ. ಮೋಟಾರು ನಿಂತ ಮೇಲೂ ಚಕ್ ಗರಗರನೆ ತಿರುಗುತ್ತಿರುತ್ತದೆ. ಬಲವಿಲ್ಲದೆಯೂ ಅದು ತಿರುಗುವುದೇಕೆ? ಇಂಥದೊಂದು ಪ್ರಶ್ನೆಗೆ ಸರಿಯಾದ ಉತ್ತರ ಸಿಗಲು ಎರಡು ಸಾವಿರ ವರ್ಷ ಹಿಡಿಯಿತು.

ತಳ್ಳುವವರಿಲ್ಲದೆ ಚಲನೆಯಿಲ್ಲ ಎಂದ ಅರಿಸ್ಟಾಟಲ್, ಬಿಲ್ಲು ಬಿಟ್ಟ ಬಾಣವನ್ನು ಗಾಳಿಯೇ ದೂಡುತ್ತದೆ ಎಂದು ವಿವರಿಸಿದ. ನಮ್ಮ ವೈಶೇಷಿಕ ದಾರ್ಶನಿಕ ಪ್ರಶಸ್ತಪಾದ ಬೇರೆ ದಾರಿ ಹಿಡಿದ. ಬಿಲ್ಲಿನ ನೂಕು ಬಾಣದೊಳಗೆ 'ವೇಗ'ವೆಂಬ ಸಂಸ್ಕಾರವನ್ನು ಹುಟ್ಟಿಸುತ್ತದೆ, ಅದು ತೀರಿದಾಗ ಗುರುತ್ವ ಬಾಣವನ್ನು ಕೆಳಗಿಳಿಸುತ್ತದೆ ಎಂಬುದು ಅವನ ವಿವರಣೆ. ಆರನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಫಿಲೋಪೋನಸ್, ಹದಿನಾಲ್ಕರಲ್ಲಿ ಪ್ಯಾರಿಸ್ಸಿನ ಬುರಿಡಾನ್ ಇದಕ್ಕೆ ಹತ್ತಿರದ ಮಾತನ್ನೇ ಆಡಿದರು. ಇವು ಪೆದ್ದು ಉತ್ತರಗಳಲ್ಲ. ಘರ್ಷಣೆ ತುಂಬಿದ ಲೋಕದಲ್ಲಿ ಕಣ್ಣಿಗೆ ಕಾಣುವುದೇ ಹಾಗೆ.

ಆ ಘರ್ಷಣೆಯನ್ನು ಮನಸ್ಸಿನಲ್ಲೇ ತೆಗೆದುಹಾಕಿ ನೋಡಿದವನು ಗೆಲಿಲಿಯೊ. ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ, ಪಾತ್ರೆಯಿಂದ ಸುರಿದ ನೀರನ್ನು ತೂಗಿ ಕಾಲ ಅಳೆದ. ದೂರವು ಕಾಲದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆಂದು ಕಂಡ. 1638ರಲ್ಲಿ ಅದನ್ನು ಪ್ರಕಟಿಸಿದ. 1687ರಲ್ಲಿ ನ್ಯೂಟನ್ ಮೂರು ನಿಯಮಗಳನ್ನು ಕಟ್ಟಿಕೊಟ್ಟ. ಮೊದಲನೆಯದರ ತಿರುಳು: ಚಲನೆ ಮುಂದುವರಿಯಲು ಬಲ ಬೇಡ, ಬದಲಾಗಲು ಬೇಕು.

ಇದಕ್ಕೆ ನಾನು ಕಂಡ ಅತ್ಯುತ್ತಮ ನಿದರ್ಶನ ಪೀಣ್ಯದಿಂದಲೇ ನಡೆದದ್ದು. ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರಾಕ್ ಇರುವುದು ಇಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ. 2013ರ ನವೆಂಬರ್ 5ರಂದು ಹಾರಿದ ಮಂಗಳಯಾನ ಡಿಸೆಂಬರ್ 1ರಂದು ಭೂಕಕ್ಷೆ ಬಿಟ್ಟಿತು. ಮುಂದೆ ಸುಮಾರು 300 ದಿನ, ಆಗೀಗ ಪಥ ತಿದ್ದಿದ್ದು ಬಿಟ್ಟರೆ, ಎಂಜಿನ್ ಉರಿಸದೆಯೇ ಸಾಗಿತು. ಸೂರ್ಯನ ಗುರುತ್ವ ದಾರಿಯನ್ನು ಬಾಗಿಸುತ್ತಿತ್ತು, ತಡೆಯಲು ಗಾಳಿ ಇರಲಿಲ್ಲ. 2014ರ ಸೆಪ್ಟೆಂಬರ್ 24ರಂದು, ಮಂಗಳನ ಕಕ್ಷೆ ಸೇರಲು, ನೌಕೆಯ ವೇಗ ತಗ್ಗಿಸಬೇಕಿತ್ತು. ಮುಖ್ಯ ಎಂಜಿನ್ನಿನ ಬಲ 440 ನ್ಯೂಟನ್, ಅಂದರೆ ಭೂಮಿಯ ಮೇಲೆ 45 ಕಿಲೋ ಮೂಟೆಯನ್ನು ಎತ್ತಿ ಹಿಡಿಯುವಷ್ಟು. ಅದು ಎಂಟು ಪುಟ್ಟ ಎಂಜಿನ್‌ಗಳ ಜೊತೆ ಅನಿಲವನ್ನು ಮುಂದಕ್ಕೆ ಉಗುಳುತ್ತಾ ಸುಮಾರು 23 ನಿಮಿಷ ಉರಿಯಿತು. ವೇಗ ಸೆಕೆಂಡಿಗೆ 1,099 ಮೀಟರಿನಷ್ಟು ಇಳಿಯಿತು. ಒಂಬತ್ತನೆಯ ತರಗತಿಯ ಮಗು ಭಾಗಿಸಿ ನೋಡಲಿ: ಪ್ರತಿ ಸೆಕೆಂಡಿನಲ್ಲೂ ವೇಗದಲ್ಲಿ ಸೆಕೆಂಡಿಗೆ ಬರೀ 0.8 ಮೀಟರಿನ ಇಳಿಕೆ. ಸಣ್ಣ ಬಲ, ದೀರ್ಘ ಕಾಲ, ದೊಡ್ಡ ಬದಲಾವಣೆ. ಮೂರೂ ನಿಯಮಗಳು ಈ ಒಂದೇ ಘಟನೆಯಲ್ಲಿವೆ.

ನಿಯಮ ಸಿಕ್ಕರೂ ಅದನ್ನು ಕಲಿಸುವುದು ಮಾತ್ರ ಕಷ್ಟವಾಗಿಯೇ ಉಳಿಯಿತು. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ, 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ವಿಜ್ಞಾನವನ್ನು ತರಗತಿಯಾಚೆಗೂ ಒಯ್ದವು. ಆದರೆ ತರಗತಿಯೊಳಗಿನ ಕಷ್ಟ ಹಾಗೇ ಇತ್ತು. 1992ರಲ್ಲಿ ಅಮೆರಿಕದ ಡೇವಿಡ್ ಹೆಸ್ಟನೆಸ್ ಮತ್ತು ಸಂಗಡಿಗರು ಒಂದು ಪ್ರಶ್ನಾವಳಿ ಪ್ರಕಟಿಸಿದರು. ಪರೀಕ್ಷೆಯಲ್ಲಿ ಪಾಸಾದ ಎಷ್ಟೋ ವಿದ್ಯಾರ್ಥಿಗಳ ಮನಸ್ಸಿನಲ್ಲಿ, ಚಲಿಸುವ ವಸ್ತುವಿನ ಮೇಲೆ ಚಲನೆಯ ದಿಕ್ಕಿಗೇ ಬಲವಿರಬೇಕು ಎಂಬ ನಂಬಿಕೆ ಹಾಗೇ ಉಳಿದಿದ್ದು ಅದರಿಂದ ಬಯಲಾಯಿತು. ಫಿಲೋಪೋನಸ್‌ನ ಉತ್ತರವನ್ನೇ ಕೊಡುವ ಮಗುವಿಗೆ ಸೊನ್ನೆ ಹಾಕಿ ಸುಮ್ಮನಾಗುವುದು ನನಗೆ ಅನ್ಯಾಯವಾಗಿ ಕಾಣುತ್ತದೆ.

ಈಗ ಉಪಕರಣದ ನೆಪ ಹೇಳುವಂತಿಲ್ಲ. ವೇಗೋತ್ಕರ್ಷ ಅಳೆಯುವ ಚಿಪ್ ಪ್ರತಿ ಸ್ಮಾರ್ಟ್‌ಫೋನಿನಲ್ಲೂ ಇದೆ; ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದ 'ಫೈಫಾಕ್ಸ್' ಆ್ಯಪ್ ಅದನ್ನು ಉಚಿತವಾಗಿ ಗ್ರಾಫ್ ಮಾಡಿ ತೋರಿಸುತ್ತದೆ. ವೈಟ್‌ಫೀಲ್ಡಿಗೆ 2023ರಲ್ಲೂ ಎಲೆಕ್ಟ್ರಾನಿಕ್ ಸಿಟಿಗೆ 2025ರಲ್ಲೂ ಮೆಟ್ರೋ ಬಂದಿದೆ. ಫೋನನ್ನು ರೈಲಿನ ನೆಲದ ಮೇಲೆ ಅಲುಗದಂತೆ ಇಟ್ಟರೆ, ಹೊರಡುವಾಗ ಗೆರೆ ಒಂದು ಕಡೆಗೆ, ಬ್ರೇಕ್ ಹಾಕುವಾಗ ಇನ್ನೊಂದು ಕಡೆಗೆ ಸರಿಯುತ್ತದೆ. ನಡುವೆ, ನೇರ ಹಳಿಯ ಮೇಲೆ ರೈಲು ಒಂದೇ ವೇಗದಲ್ಲಿ ಓಡುವಾಗ, ಗೆರೆ ಸೊನ್ನೆಯ ಆಸುಪಾಸಿನಲ್ಲೇ ನಡುಗುತ್ತಿರುತ್ತದೆ. ಬೆಂಗಳೂರಿನ ಮೇಷ್ಟ್ರುಗಳಲ್ಲಿ ನನ್ನ ವಿನಂತಿ ಇಷ್ಟೆ: ಬೋರ್ಡಿನ ಮೇಲೆ ಮೊದಲ ನಿಯಮ ಬರೆಯುವ ಮುನ್ನ ಮಕ್ಕಳಿಗೆ ಈ ಗ್ರಾಫ್ ತೋರಿಸಿ, ಆ ಸೊನ್ನೆ ಯಾಕೆಂದು ಅವರೇ ವಾದ ಮಾಡಲಿ.