ಅಪ್ಪನ ಓಸಿ ಚೀಟಿ, ಹುಡುಗನ ಟೆನಿಸ್ಸು

ಉಳವಿ ಎಂದೊಡನೆ "ಚೆನ್ನಬಸವಣ್ಣನವರ ಉಳವಿಯೇ?" ಎಂದು ಕೇಳುವವರೇ ಹೆಚ್ಚು. ಅದು ಉತ್ತರ ಕನ್ನಡದ್ದು. ನಮ್ಮದು ಸೊರಬ ತಾಲ್ಲೂಕಿನ ಉಳವಿ; ಭತ್ತದ ಗದ್ದೆ, ಅಡಿಕೆ ತೋಟಗಳ ಊರು. ನಾನು ಟೆನಿಸ್ ಬ್ಯಾಟನ್ನು ಕಣ್ಣಾರೆ ಕಂಡದ್ದೇ ಬಿ.ಎಡ್. ಓದಲು ಶಿವಮೊಗ್ಗಕ್ಕೆ ಹೋದಾಗ. ಅಂಥ ನಮ್ಮ ಮನೆಗೆ ಟೆನಿಸ್ಸಿನಿಂದ ಸಂಕಟ ಬಂದೀತೆಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

2024ರ ಜನವರಿ 27, ಶನಿವಾರ. ಗಣರಾಜ್ಯೋತ್ಸವದ ರಜೆಗೆಂದು ನನ್ನ ತಮ್ಮನ ಮಗ ಬೆಂಗಳೂರಿನಿಂದ ಬಂದಿದ್ದ. ಟಿ.ವಿ.ಯಲ್ಲಿ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಫೈನಲ್. ನಮ್ಮ ಕೊಡಗಿನ ರೋಹನ್ ಬೋಪಣ್ಣ, ನಲವತ್ತಮೂರರ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆಗೂಡಿ ಇಟಲಿಯ ಜೋಡಿಯನ್ನು 7-6, 7-5ರಿಂದ ಸೋಲಿಸಿದರು. ಎಂಬತ್ತು ದಾಟಿದ ನನ್ನ ಅವ್ವನೂ ಚಪ್ಪಾಳೆ ತಟ್ಟಿದಳು. ಹುಡುಗ ಮಾತ್ರ ಮೊಬೈಲ್ ಹಿಡಿದು ಬಿಳಿಚಿಕೊಂಡು ಕೂತಿದ್ದ.

"ಏನಾಯ್ತೋ?" ಎಂದೆ.

"ಮೂರನೇ ಸೆಟ್ಟಿಗೆ ಹೋಗುತ್ತೆ ಅಂತ ದುಡ್ಡು ಕಟ್ಟಿದ್ದೆ ಅತ್ತೆ. ಎರಡರಲ್ಲೇ ಮುಗಿದುಹೋಯ್ತು."

ವಿಚಾರಿಸಿದಾಗ ಹೊರಬಿತ್ತು: ಲ್ಯಾಪ್‌ಟಾಪ್ ಕೊಳ್ಳಲೆಂದು ನನ್ನಿಂದ ಪಡೆದಿದ್ದ ನಲವತ್ತು ಸಾವಿರವೂ, ಅವನ ತಾಯಿ ಸ್ವಸಹಾಯ ಸಂಘದಲ್ಲಿ ಎತ್ತಿಕೊಟ್ಟಿದ್ದ ಸಾಲವೂ ಎರಡು ತಿಂಗಳಲ್ಲಿ ಹೀಗೆಯೇ ಕರಗಿದ್ದವು. ನಮ್ಮ ನಾಡಿನವರು ಗೆದ್ದ ದಿನ ನಮ್ಮ ಮನೆಯ ಹುಡುಗ ಸೋತು ಕೂತಿದ್ದ!

ಬೈಯಲು ಬಾಯಿ ತೆರೆದವಳು ಸುಮ್ಮನಾದೆ. ಕಾರಣ ಹಳೆಯದು. ನಾನು ಐದನೆಯ ತರಗತಿಯಲ್ಲಿದ್ದಾಗ ಅಪ್ಪನಿಗೆ ಓಸಿ ಹುಚ್ಚು ಹಿಡಿದಿತ್ತು. ಚಹದಂಗಡಿಯ ಹಿಂಬದಿಯಲ್ಲಿ ಒಬ್ಬ ಕೂತು ಚೀಟಿ ಬರೆಯುತ್ತಿದ್ದ. ಕನಸಿನಲ್ಲಿ ಹಾವು ಕಂಡರೆ ಒಂದು ಅಂಕಿ, ಹೆಣ ಕಂಡರೆ ಇನ್ನೊಂದು. ಮಕ್ಕಳ ಬಾಯಿಂದ ಬಂದದ್ದು ಸುಳ್ಳಾಗದೆಂದು ಅಪ್ಪ ಒಂದು ಸಂಜೆ "ಒಂದು ನಂಬರ್ ಹೇಳು ಮಗಾ" ಎಂದರು. ನನ್ನ ಹಾಜರಿ ನಂಬರು 34 ಹೇಳಿದೆ. ಅದೇ ಬಂತು! ನನಗೆ ಕೆಂಪು ರಿಬ್ಬನ್ನು, ಮನೆಗೆ ಮೈಸೂರುಪಾಕು. ಮುಂದಿನ ವಾರ ಮತ್ತೆ ಕೇಳಿದರು. ಹೆಮ್ಮೆಯಿಂದ 61 ಎಂದೆ. ಆ ಸಲ ಕಟ್ಟಿದ್ದು ಅವ್ವನ ಎರಡು ಬಳೆಗಳನ್ನು ಗಿರವಿ ಇಟ್ಟ ಹಣ. ಬಳೆ ತಿರುಗಿ ಬರಲಿಲ್ಲ. ಅವ್ವ ನನಗೆ ಒಂದು ಮಾತೂ ಅನ್ನಲಿಲ್ಲ. ಆದರೂ ಹಾಜರಿ ಕೂಗುವಾಗ ಆ ಅಂಕಿ ಬಂದರೆ ಇಂದಿಗೂ ನನ್ನ ದನಿ ಒಂದು ಕ್ಷಣ ತಡೆಯುತ್ತದೆ.

ಸಮಾಜ ಪಾಠ ಹೇಳುವವಳಾದ್ದರಿಂದ ಈ ಓಸಿಯ ಬೇರನ್ನು ಹುಡುಕಿದ್ದುಂಟು. ಓಸಿ ಎಂದರೆ ಓಪನ್-ಕ್ಲೋಸ್. ನ್ಯೂಯಾರ್ಕಿನ ಹತ್ತಿ ಪೇಟೆಯಲ್ಲಿ ವ್ಯಾಪಾರ ಶುರುವಾದಾಗಿನ ದರ, ಮುಗಿದಾಗಿನ ದರ ಮುಂಬಯಿಗೆ ಟೆಲಿಪ್ರಿಂಟರಿನಲ್ಲಿ ಬರುತ್ತಿದ್ದವು; ಜನ ಅವುಗಳ ಮೇಲೆ ಬಾಜಿ ಕಟ್ಟುತ್ತಿದ್ದರು. 1960ರ ದಶಕದ ಆರಂಭದಲ್ಲಿ ಅದು ನಿಂತಾಗ ಕಲ್ಯಾಣ್‌ಜಿ ಭಗತ್, ಅನಂತರ ರತನ್ ಖತ್ರಿ ಎಂಬವರು ಅಂಕಿ ಎತ್ತುವ ಆಟ ನಡೆಸಿದರು. ಚೀಟಿ ಹಾಕುತ್ತಿದ್ದ ಮಡಕೆಯಿಂದಲೇ ಮಟ್ಕಾ ಎಂಬ ಹೆಸರು. ಹತ್ತಿ ಪೇಟೆಯ ಮಾತು ಹೀಗೆ ಅಡಿಕೆಯ ಊರಿಗೆ ಬಂತು.

ಹೆಚ್ಚುಕಡಿಮೆ ಅದೇ ಹೊತ್ತಿಗೆ, 1961ರ ಮೇ ತಿಂಗಳಲ್ಲಿ, ಇಂಗ್ಲೆಂಡಿನಲ್ಲಿ ಬಾಜಿ ಅಂಗಡಿಗಳು ಕಾನೂನಿನ ಒಪ್ಪಿಗೆ ಪಡೆದು ಬಾಗಿಲು ತೆರೆದವು. ಅಲ್ಲಿ ಕುದುರೆಯ ಮೇಲಷ್ಟೇ ಅಲ್ಲ, ವಿಂಬಲ್ಡನ್ ಟೆನಿಸ್ ಮೇಲೂ ರಾಜಾರೋಷವಾಗಿ ಹಣ ಕಟ್ಟಬಹುದು. ಇಂಟರ್‌ನೆಟ್ ಬಂದ ಮೇಲೆ ಆ ಅಂಗಡಿ ಕಡಲು ದಾಟಿ ನಮ್ಮ ಹುಡುಗರ ಅಂಗೈಗೆ ಬಂದು ಕೂತಿತು.

ಇದರ ಲೆಕ್ಕ ಬಹಳ ಸರಳ. ಓಸಿಯಲ್ಲಿ 00ಯಿಂದ 99ರವರೆಗೆ ನೂರು ಅಂಕಿ. ಒಂದೊಂದಕ್ಕೂ ಒಬ್ಬೊಬ್ಬರು ಒಂದು ರೂಪಾಯಿ ಕಟ್ಟಿದರೆ ನೂರು ರೂಪಾಯಿ. ಗೆದ್ದವನಿಗೆ ಎಪ್ಪತ್ತು ಕೊಟ್ಟರೆ ಮೂವತ್ತು ಆಡಿಸುವವನಿಗೆ. ಟೆನಿಸ್ಸಿನಲ್ಲಿ ಇಬ್ಬರು ಸರಿಸಮ ಆಟಗಾರರ ಮೇಲೆ ಇಬ್ಬರು ನೂರು ನೂರು ಕಟ್ಟಿದರೆನ್ನಿ. ಗೆದ್ದವನಿಗೆ 190 ಕೊಟ್ಟರೆ ಹತ್ತು ಉಳಿಯಿತು. ಓಸಿಗಿಂತ ವಾಸಿ ಎನ್ನುತ್ತೀರಾ? ಓಸಿಯಲ್ಲಿ ಅಂಕಿ ಬರುವುದು ದಿನಕ್ಕೆ ಕೆಲವೇ ಸಲ. ಟೆನಿಸ್ಸಿನಲ್ಲಿ ಸೆಟ್ಟಿಗೆ, ಗೇಮಿಗೆ, ಒಂದೊಂದು ಪಾಯಿಂಟಿಗೂ ಹಣ ಕಟ್ಟಬಹುದು. 2010ರ ವಿಂಬಲ್ಡನ್‌ನಲ್ಲಿ ಇಸ್ನರ್ ಮತ್ತು ಮಹೂ ಮೂರು ದಿನ, ಒಟ್ಟು 11 ಗಂಟೆ 5 ನಿಮಿಷ ಆಡಿದ ಪಂದ್ಯದಲ್ಲಿ 980 ಪಾಯಿಂಟುಗಳಿದ್ದವು. 502 ಪಾಯಿಂಟು ಗೆದ್ದ ಮಹೂ ಸೋತರು, 478 ಗೆದ್ದ ಇಸ್ನರ್ ಗೆದ್ದರು! ಇಂಥ ಆಟವನ್ನು "ನಾನು ಸ್ಟಡಿ ಮಾಡಿದೀನಿ ಅತ್ತೆ" ಎಂದು ನಮ್ಮ ಹುಡುಗ ಹೇಳಿದಾಗ ಅಪ್ಪನ ಕನಸಿನ ಹಾವು ನೆನಪಾಯಿತು.

ಆಟದ ಮೇಲೂ ಅನುಮಾನದ ನೆರಳು ಬೀಳುತ್ತದೆ. 2007ರಲ್ಲಿ ಪೋಲೆಂಡಿನ ಒಂದು ಪಂದ್ಯದ ಮೇಲೆ ಎಂದಿಗಿಂತ ಎಷ್ಟೋ ಪಾಲು ಹೆಚ್ಚು ಹಣ ಹರಿದಾಗ ಬಾಜಿ ಕಂಪನಿಯೇ ಎಲ್ಲ ಬಾಜಿಗಳನ್ನೂ ರದ್ದು ಮಾಡಿತು. ತನಿಖೆಯಲ್ಲಿ ಇಬ್ಬರು ಆಟಗಾರರೂ ನಿರ್ದೋಷಿಗಳೆಂದಾಯಿತು. ಆದರೆ ಮರುವರ್ಷವೇ ಟೆನಿಸ್ ಲೋಕ ಇಂಥದ್ದರ ಮೇಲೆ ಕಣ್ಣಿಡಲು ಪ್ರತ್ಯೇಕ ದಳ ಕಟ್ಟಿತು.

ನಮ್ಮಲ್ಲೂ ಕಾನೂನುಗಳು ಬಂದವು. 2007ರಲ್ಲಿ ರಾಜ್ಯದಲ್ಲಿ ಲಾಟರಿ ನಿಷೇಧವಾಯಿತು. ಆನ್‌ಲೈನ್ ಬಾಜಿ ತಡೆಯಲು 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದರು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಅದರ ಮುಖ್ಯ ಭಾಗಗಳನ್ನು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತೇ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆ ಮಾಡಿತು. ಒಳ್ಳೆಯದೇ. ಆದರೆ ಅಪ್ಪನ ಕಾಲದಲ್ಲೂ ಓಸಿ ಅಪರಾಧವೇ ಆಗಿತ್ತು. ಚಹದಂಗಡಿಯ ಹಿಂದೆ ಚೀಟಿ ಬರೆಯುವವನೂ ಇದ್ದ.

ಅಂದು ರಾತ್ರಿ ಹುಡುಗನನ್ನು ಕೂರಿಸಿಕೊಂಡು ಈ ಲೆಕ್ಕವನ್ನೆಲ್ಲ ಕಾಗದದ ಮೇಲೆ ಬರೆದು ತೋರಿಸಿದೆ. ಯಾರಿಗೂ ಹೇಳದ 61ರ ಕಥೆಯನ್ನೂ ಹೇಳಿದೆ. ಮಲಗಿದ್ದಾಳೆಂದುಕೊಂಡಿದ್ದ ಅವ್ವ ಮಂಚದ ಮೇಲಿಂದಲೇ ಕೇಳಿದಳು: "ಅವತ್ತು ಚೀಟಿ ಬರೆಯೋನು ಎದುರಿಗೇ ಇದ್ದ. ಹೋಗಿ ಬೈದಾದ್ರೂ ಬಂದಿದ್ದೆ. ನಿನ್ನ ದುಡ್ಡು ಇಸ್ಕೊಂಡೋನು ಎಲ್ಲಿದಾನೋ ಮಗಾ?"

ಹುಡುಗ ಮೊಬೈಲಿನ ಕಡೆ ನೋಡಿದ. ಅವನಲ್ಲಿ ಉತ್ತರವಿರಲಿಲ್ಲ.

ತುಂಬಿದ ಸಭೆಯಲ್ಲಿ ದ್ರೌಪದಿ, ಮೊದಲು ತನ್ನನ್ನೇ ಸೋತವನಿಗೆ ನನ್ನನ್ನು ಪಣಕ್ಕಿಡುವ ಹಕ್ಕು ಎಲ್ಲಿಯದು ಎಂದು ಕೇಳಿದಳು. ಹಿರಿಯರೆಲ್ಲ ತಲೆ ತಗ್ಗಿಸಿದರು. ನಮ್ಮ ಮನೆಗಳಲ್ಲಿ ಪಣಕ್ಕೆ ಹೋಗುವುದು ಬಳೆ, ಸಂಘದ ಸಾಲ, ಮಗಳ ಫೀಜು. ಅದು ಹೋಗುವ ಮೊದಲೇ ಕೇಳಲು ನಾವು ಸಂಕೋಚಪಡಬಾರದು. ಕೇಳಿದರೆ ಮಗ ಮುನಿದಾನು, ಗಂಡ ಸಿಡುಕಿಯಾನು, ಆದರೂ ಕೇಳಬೇಕು.

ಹುಡುಗ ಈಗ ತಿಂಗಳು ತಿಂಗಳು ಹಣ ಕಳಿಸುತ್ತಾನೆ. ಸಂಘದ ಸಾಲ ತೀರಿದೆ, ನನ್ನದರಲ್ಲಿ ಅರ್ಧ ಬಾಕಿಯಿದೆ. "ಬಂತೇನೇ?" ಎಂದು ಅವ್ವ ಒಂದನೆಯ ತಾರೀಖಿಗೇ ಕೇಳುತ್ತಾಳೆ. ಬಂದದ್ದನ್ನು ಪುಸ್ತಕದಲ್ಲಿ ಬರೆದು ಅವಳಿಗೆ ತೋರಿಸುತ್ತೇನೆ.