ಮನೆಗಳಲ್ಲಿರುವ ಹಳೆಯ ಏರ್ ಗನ್‌ಗಳು: ಗುರುತಿಸುವಿಕೆ, ಕಾನೂನು ಮತ್ತು ಸಂರಕ್ಷಣೆ
(ಉಡುಪಿ ಜಿಲ್ಲೆಯ ಸಾರ್ವಜನಿಕರ ಮಾಹಿತಿಗಾಗಿ)

1. ಪೀಠಿಕೆ

ಉಡುಪಿ, ಮಣಿಪಾಲ, ಕಾಪು ಮತ್ತು ಕಾರ್ಕಳ ಭಾಗದ ಹಲವು ಹಳೆಯ ಮನೆಗಳ ಉಪ್ಪರಿಗೆಯಲ್ಲಿ ಹಿರಿಯರ ಕಾಲದ ಏರ್ ಗನ್ ಒಂದು ಮೂಲೆ ಸೇರಿರುವುದುಂಟು. ತೆಂಗಿನ ತೋಟಕ್ಕೆ ಬರುವ ಮಂಗಗಳನ್ನು ಬೆದರಿಸಲೆಂದು ಅಥವಾ ಗುರಿ ಹೊಡೆಯುವ ಹವ್ಯಾಸಕ್ಕೆಂದು ಇವನ್ನು ಕೊಳ್ಳಲಾಗುತ್ತಿತ್ತು. ಅತ್ತೂರಿನ ಸಾಂತ್‌ಮಾರಿ, ಉಡುಪಿಯ ಪರ್ಯಾಯೋತ್ಸವದಂತಹ ಜನಸಂದಣಿಯ ಸಂದರ್ಭಗಳಲ್ಲಿ ಬಲೂನಿಗೆ ಗುರಿಯಿಟ್ಟು ಹೊಡೆದ ನೆನಪು ಅನೇಕರಿಗೆ ಇದೆ. ಈ ಕಾರಣದಿಂದ ಏರ್ ಗನ್ ಎಂದರೆ ಆಟಿಕೆಯೆಂದೂ ಅದಕ್ಕೆ ಪರವಾನಗಿಯ ಅಗತ್ಯವೇ ಇಲ್ಲವೆಂದೂ ಸಾಮಾನ್ಯವಾದ ನಂಬಿಕೆಯಿದೆ. ಈ ನಂಬಿಕೆಯು ಪೂರ್ಣವಾಗಿ ಸರಿಯಲ್ಲ. 2016ರ ನಿಯಮಾವಳಿಯ ನಂತರ ಕೆಲವು ಹಳೆಯ ಏರ್ ಗನ್‌ಗಳು ಪರವಾನಗಿ ಬೇಕಾದ ವರ್ಗಕ್ಕೆ ಸೇರಿವೆ. ಆದ್ದರಿಂದ ಮನೆಯಲ್ಲಿರುವ ಏರ್ ಗನ್ ಯಾವ ವರ್ಗದ್ದು ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಅವಶ್ಯ.

2. ಏರ್ ಗನ್ ಕೆಲಸ ಮಾಡುವ ಬಗೆ

ಇದರಲ್ಲಿ ಮದ್ದು ಇರುವುದಿಲ್ಲ. ಹಳೆಯ ಮಾದರಿಗಳಲ್ಲಿ ನಳಿಗೆಯನ್ನು ಕೆಳಕ್ಕೆ ಮಡಚಿದಾಗ ಒಳಗಿನ ಬಲವಾದ ಸ್ಪ್ರಿಂಗ್ ಒತ್ತಲ್ಪಟ್ಟು ನಿಲ್ಲುತ್ತದೆ. ಕುದುರೆಯನ್ನು ಎಳೆದಾಗ ಸ್ಪ್ರಿಂಗ್ ಬಿಚ್ಚಿಕೊಂಡು ಪಿಸ್ಟನ್ನನ್ನು ಮುಂದಕ್ಕೆ ತಳ್ಳುತ್ತದೆ. ಅದರ ಮುಂದಿರುವ ಗಾಳಿಯು ಒತ್ತಡಕ್ಕೊಳಗಾಗಿ ಸೀಸದ ಗುಂಡನ್ನು, ಅಂದರೆ ಪೆಲೆಟ್ಟನ್ನು, ಹೊರಕ್ಕೆ ದೂಡುತ್ತದೆ. ಪಿಸ್ಟನ್ನಿನ ತುದಿಯಲ್ಲಿ ಹಳೆಯ ಗನ್‌ಗಳಿಗೆ ಚರ್ಮದ ವಾಷರ್ ಇರುತ್ತದೆ.

ಸ್ಫೋಟಕದಿಂದ ಮಾತ್ರವಲ್ಲದೆ ಇತರ ಶಕ್ತಿಯಿಂದ ಗುಂಡು ಹಾರಿಸುವ ಸಾಧನವೂ ಶಸ್ತ್ರಾಸ್ತ್ರ ಅಧಿನಿಯಮ, 1959ರ ವ್ಯಾಖ್ಯೆಯಂತೆ ಬಂದೂಕಿನ ಪರಿಧಿಗೆ ಬರುತ್ತದೆ. ಆದುದರಿಂದ ಏರ್ ಗನ್ ಕಾನೂನಿನ ಹೊರಗಿನ ವಸ್ತುವಲ್ಲ; ನಿಗದಿತ ಮಿತಿಯೊಳಗಿನವುಗಳಿಗೆ ಮಾತ್ರ ಪರವಾನಗಿಯಿಂದ ವಿನಾಯಿತಿ ಇದೆ.

3. ಹಳೆಯ ಏರ್ ಗನ್ ಗುರುತಿಸುವುದು

(ಅ) ತಯಾರಕರ ಗುರುತು: ಜರ್ಮನಿಯ ರಾಸ್ಟಾಟ್ ಪಟ್ಟಣದ ಡಯಾನಾ ಗನ್‌ಗಳ ಮೇಲೆ, ಬಿಲ್ಲನ್ನು ಎಸೆದು ಏರ್ ಗನ್ನನ್ನು ಎತ್ತಿ ಹಿಡಿದ ದೇವತೆಯ ಚಿತ್ರವಿರುತ್ತದೆ. ಇಂಗ್ಲೆಂಡಿನ ಬಿ.ಎಸ್.ಎ. ಗನ್‌ಗಳ ಮೇಲೆ ಒಂದಕ್ಕೊಂದು ಒರಗಿಸಿದ ಮೂರು ಬಂದೂಕುಗಳ ಗುರುತಿರುತ್ತದೆ. ಭಾರತದಲ್ಲಿ ಇಂಡಿಯನ್ ಹ್ಯೂಮ್ ಪೈಪ್ ಕಂಪೆನಿಯು ಐ.ಎಚ್.ಪಿ. ಹೆಸರಿನಲ್ಲಿ ಏರ್ ರೈಫಲ್‌ಗಳನ್ನು ತಯಾರಿಸಿತ್ತು.

(ಆ) ನಳಿಗೆಯ ವ್ಯಾಸ: ಇದು ಅತಿ ಮುಖ್ಯ. ಹಳೆಯ ಇಂಗ್ಲಿಷ್ ಗನ್‌ಗಳಲ್ಲಿ ವ್ಯಾಸವನ್ನು ಸಂಖ್ಯೆಯಿಂದ ಸೂಚಿಸುತ್ತಿದ್ದರು. 1ನೇ ಸಂಖ್ಯೆ ಎಂದರೆ 0.177 ಅಂಗುಲ (4.5 ಮಿ.ಮೀ.). 2ನೇ ಸಂಖ್ಯೆ ಎಂದರೆ 0.22 ಅಂಗುಲ (5.5 ಮಿ.ಮೀ.). ಗುರುತು ಅಳಿಸಿ ಹೋಗಿದ್ದಲ್ಲಿ ತಿಳಿದವರಿಂದ ವರ್ನಿಯರ್ ಕ್ಯಾಲಿಪರ್ ಮೂಲಕ ಅಳತೆ ಮಾಡಿಸಬಹುದು. ಪರೀಕ್ಷೆಗಾಗಿ ಗುಂಡು ಹಾರಿಸಿ ನೋಡಬಾರದು.

4. ಕಾನೂನಿನ ಈಗಿನ ಸ್ಥಿತಿ

1962ರ ನಿಯಮಾವಳಿಯ ಕಾಲದಲ್ಲಿ 0.22 ಅಂಗುಲದ ಏರ್ ಗನ್‌ಗಳು ಸಹ ಪರವಾನಗಿಯಿಲ್ಲದೆ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. ಶಸ್ತ್ರಾಸ್ತ್ರ ನಿಯಮಾವಳಿ, 2016 ಜಾರಿಗೆ ಬಂದ ಮೇಲೆ ಮಿತಿಯನ್ನು ಕೆಳಗಿನಂತೆ ನಿಗದಿಪಡಿಸಲಾಗಿದೆ:

- ನಳಿಗೆಯ ವ್ಯಾಸ 0.177 ಅಂಗುಲವನ್ನು (4.5 ಮಿ.ಮೀ.) ಮೀರಬಾರದು.
- ನಳಿಗೆಯ ಬಾಯಿಯಲ್ಲಿ ಗುಂಡಿನ ಶಕ್ತಿಯು 20 ಜೂಲ್‌ಗಳನ್ನು ಮೀರಬಾರದು.

ಈ ಎರಡರಲ್ಲಿ ಯಾವುದಾದರೂ ಒಂದು ಮೀರಿದರೂ ಪರವಾನಗಿ ಬೇಕಾಗುತ್ತದೆ.

ಉದಾಹರಣೆ: ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 180 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ ಸುಮಾರು 8 ಜೂಲ್. ಅದೇ ಪೆಲೆಟ್ 20 ಜೂಲ್ ತಲುಪಬೇಕಾದರೆ ವೇಗವು ಸುಮಾರು 283 ಮೀಟರ್ ಆಗಬೇಕು. ಹಳೆಯ ಸ್ಪ್ರಿಂಗ್ ಗನ್‌ಗಳು ಶಕ್ತಿಯ ಮಿತಿಯನ್ನು ಮೀರುವುದು ವಿರಳ. ಅವುಗಳ ವಿಷಯದಲ್ಲಿ ತೊಡಕಾಗುವುದು ಹೆಚ್ಚಾಗಿ ವ್ಯಾಸದಿಂದಲೇ ಎಂಬುದನ್ನು ಗಮನಿಸುವುದು.

5. ಗನ್ ಮಿತಿಯನ್ನು ಮೀರಿದ್ದಲ್ಲಿ

ತಂದೆ ಅಥವಾ ಅಜ್ಜ ಕೊಂಡಾಗ ಕಾನೂನುಬದ್ಧವಾಗಿದ್ದ ವಸ್ತು ಇಂದೂ ಹಾಗೆಯೇ ಇದೆಯೆಂದು ಭಾವಿಸಿ ಸುಮ್ಮನಿರುವುದು ಸೂಕ್ತವಲ್ಲ. ಪರವಾನಗಿಯಿಲ್ಲದೆ ಬಂದೂಕು ಹೊಂದಿದ್ದಕ್ಕೆ 2019ರ ತಿದ್ದುಪಡಿಯ ನಂತರ 2ರಿಂದ 5 ವರ್ಷಗಳವರೆಗೆ ಕಾರಾಗೃಹ ವಾಸ ಮತ್ತು ದಂಡ ವಿಧಿಸಲು ಅವಕಾಶವಿದೆ. ಭಯದಿಂದ ಗನ್ನನ್ನು ಬಾವಿಗೆ ಎಸೆಯುವುದಾಗಲಿ, ಗುಜರಿಗೆ ಮಾರುವುದಾಗಲಿ ಪರಿಹಾರವಲ್ಲ. ಕೆಳಗಿನ ಕ್ರಮಗಳನ್ನು ಅನುಸರಿಸುವುದು:

- ತಯಾರಕರ ಹೆಸರು, ಕ್ರಮ ಸಂಖ್ಯೆ, ವ್ಯಾಸ ಮತ್ತು ದೊರೆತಲ್ಲಿ ಖರೀದಿಯ ರಶೀದಿಯ ವಿವರಗಳನ್ನು ಬರೆದಿಟ್ಟುಕೊಳ್ಳುವುದು.
- ಪರವಾನಗಿ ಪ್ರಾಧಿಕಾರವಾದ ಜಿಲ್ಲಾ ದಂಡಾಧಿಕಾರಿಗಳ ಕಚೇರಿಯಲ್ಲಿ (ಜಿಲ್ಲಾಧಿಕಾರಿಗಳ ಕಚೇರಿ, ರಜತಾದ್ರಿ, ಮಣಿಪಾಲ) ವಿಚಾರಿಸಿ, ಇಟ್ಟುಕೊಳ್ಳುವ ಇಚ್ಛೆಯಿದ್ದಲ್ಲಿ ನಮೂನೆ ಎ-1ರಲ್ಲಿ ಅರ್ಜಿ ಸಲ್ಲಿಸುವುದು.
- ಅಧಿನಿಯಮದ 21ನೇ ಪ್ರಕರಣದಂತೆ, ಹೊಂದಿರುವುದು ಯಾವುದೇ ಕಾರಣದಿಂದ ಕಾನೂನುಬದ್ಧವಲ್ಲದಂತಾದ ಆಯುಧವನ್ನು ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇಡುವುದು ಮತ್ತು ಸ್ವೀಕೃತಿ ಪಡೆಯುವುದು.

ಠೇವಣಿ ಇಟ್ಟ ಮಾತ್ರಕ್ಕೆ ಹಿರಿಯರ ವಸ್ತುವು ಕೈತಪ್ಪಿತೆಂದು ತಿಳಿಯಬೇಕಾಗಿಲ್ಲ. ನಿಗದಿತ ಅವಧಿಯೊಳಗೆ ಪರವಾನಗಿ ಪಡೆದವರು ಅದನ್ನು ಹಿಂಪಡೆಯಬಹುದು ಅಥವಾ ಅರ್ಹರಿಗೆ ಮಾರಾಟ ಮಾಡಬಹುದು. ಅವಧಿ ಮೀರಿದರೆ ಆಯುಧವು ಸರ್ಕಾರಕ್ಕೆ ಮುಟ್ಟುಗೋಲಾಗುತ್ತದೆ.

6. ಪಕ್ಷಿ, ಪ್ರಾಣಿ ಮತ್ತು ಅರಣ್ಯ ಪ್ರದೇಶ

ಬೆಳ್ಳಕ್ಕಿ, ಪಾರಿವಾಳ ಹೊಡೆದ ಕಥೆಗಳನ್ನು ಹಿರಿಯರು ಹೇಳುವುದುಂಟು. ಅಂದಿನ ಕಥೆಯನ್ನು ಇಂದು ಅನುಸರಿಸುವಂತಿಲ್ಲ. ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರ ಅನ್ವಯ ಬೇಟೆ ನಿಷಿದ್ಧವಾಗಿದ್ದು, ಏರ್ ಗನ್‌ಗೆ ಪರವಾನಗಿ ಬೇಡವೆಂಬುದು ಬೇಟೆಗೆ ಅನುಮತಿಯಾಗುವುದಿಲ್ಲ. ಕಾಗೆ, ಹಣ್ಣು ತಿನ್ನುವ ಬಾವಲಿ, ಇಲಿ ಮೊದಲಾದವನ್ನು ಉಪದ್ರವಕಾರಿಗಳೆಂದು ಪಟ್ಟಿ ಮಾಡಿದ್ದ ಹಿಂದಿನ ಐದನೇ ಅನುಸೂಚಿಯನ್ನು ಸಹ 2022ರ ತಿದ್ದುಪಡಿಯಲ್ಲಿ ಕೈಬಿಡಲಾಗಿದೆ (ಜಾರಿ: 1-4-2023).

ಮಂಗಗಳಿಗೆ ಪೆಲೆಟ್ ಹೊಡೆದರೆ ಚುರುಕ್ಕೆನ್ನುವುದಷ್ಟೇ ಎಂಬುದು ತಪ್ಪು ಕಲ್ಪನೆ. ಸೀಸದ ಗುಂಡು ಚರ್ಮದೊಳಗೆ ಹೊಕ್ಕು ಗಾಯ ಕೀವುಗಟ್ಟಬಹುದು ಮತ್ತು ಕಣ್ಣು ಹೋಗಬಹುದು. ವನ್ಯಪ್ರಾಣಿಗಳಿಂದ ಬೆಳೆ ಹಾನಿಯಾದಲ್ಲಿ ಅರಣ್ಯ ಇಲಾಖೆಯನ್ನು ಸಂಪರ್ಕಿಸುವುದು. ಸೋಮೇಶ್ವರ ವನ್ಯಜೀವಿಧಾಮ ಹಾಗೂ ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಪೂರ್ವಾನುಮತಿಯಿಲ್ಲದೆ ಆಯುಧ ಒಯ್ಯುವುದು ಅಪರಾಧ. ಕಾರ್ಕಳ, ಹೆಬ್ರಿ ಕಡೆಯಿಂದ ಘಟ್ಟದ ದಾರಿಯಲ್ಲಿ ವಾಹನದಲ್ಲಿ ಪ್ರಯಾಣಿಸುವವರು ಇದನ್ನು ವಿಶೇಷವಾಗಿ ನೆನಪಿಡುವುದು.

7. ಕರಾವಳಿಯ ಹವೆಯಲ್ಲಿ ಸಂರಕ್ಷಣೆ

ಸುಮಾರು 4,000 ಮಿ.ಮೀ. ವಾರ್ಷಿಕ ಮಳೆ ಮತ್ತು ಸಮುದ್ರದ ಉಪ್ಪುಗಾಳಿಯಿಂದ ಈ ಜಿಲ್ಲೆಯಲ್ಲಿ ಕಬ್ಬಿಣವು ಬೇಗನೆ ತುಕ್ಕು ಹಿಡಿಯುತ್ತದೆ. ಕಾಪು, ಮಲ್ಪೆಯ ತೀರದ ಮನೆಗಳಲ್ಲಿ ಇದು ಇನ್ನೂ ಹೆಚ್ಚು.

- ಮಳೆಗಾಲಕ್ಕೆ ಮುನ್ನ ಹೊರಭಾಗವನ್ನು ಒಣ ಬಟ್ಟೆಯಿಂದ ಒರೆಸಿ ತೆಳುವಾಗಿ ಎಣ್ಣೆ ಸವರುವುದು. ಬೆವರಿದ ಕೈಯಿಂದ ಮುಟ್ಟಿದ ಜಾಗವನ್ನು ಒರೆಸುವುದು.
- ಬಟ್ಟೆ ಅಥವಾ ಚರ್ಮದ ಚೀಲದೊಳಗೆ ತೇವ ನಿಲ್ಲುವುದರಿಂದ ಅದರಲ್ಲಿ ದೀರ್ಘಕಾಲ ಇಡಬಾರದು.
- ಗಾಳಿ ಒತ್ತುವ ಕೊಳವೆಯೊಳಗೆ ಯಂತ್ರದ ಎಣ್ಣೆ ಸುರಿಯಬಾರದು. ಒತ್ತಡದ ಶಾಖಕ್ಕೆ ಅದು ಹೊತ್ತಿಕೊಂಡು ಸ್ಪ್ರಿಂಗ್ ಮತ್ತು ವಾಷರ್ ಹಾಳಾಗುತ್ತವೆ.
- ಪೆಲೆಟ್ ಇಲ್ಲದೆ ಬರಿದೇ ಕುದುರೆ ಎಳೆಯಬಾರದು. ಸ್ಪ್ರಿಂಗ್ ಎಳೆದ ಸ್ಥಿತಿಯಲ್ಲಿ ಇಡಬಾರದು.
- ಸ್ಪ್ರಿಂಗ್ ಬದಲಿಸಿ ಶಕ್ತಿ ಹೆಚ್ಚಿಸುವ ಯತ್ನ ಸಲ್ಲದು.
- ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕಿ, ಪೆಲೆಟ್‌ಗಳನ್ನು ಬೇರೆ ಕಡೆ ಇಡುವುದು. ಸೀಸ ಮುಟ್ಟಿದ ನಂತರ ಕೈ ತೊಳೆಯುವುದು.

8. ನೆನಪುಗಳ ದಾಖಲೆ

ಹಳೆಯ ಏರ್ ಗನ್‌ನ ಬೆಲೆ ಹಲವು ವೇಳೆ ಅದರ ಹಿಂದಿನ ನೆನಪಿನಲ್ಲಿದೆ. ಯಾರು, ಯಾವ ಊರಿನಿಂದ, ಎಷ್ಟು ಹಣಕ್ಕೆ ತಂದರು, ಯಾವುದಕ್ಕೆ ಬಳಸಿದರು ಎಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದಿಡುವುದು ಉತ್ತಮ. ಗನ್ ಠೇವಣಿಗೆ ಹೋದರೂ ಛಾಯಾಚಿತ್ರ ಮತ್ತು ಬರಹ ಮನೆಯಲ್ಲಿ ಉಳಿಯುತ್ತದೆ.

9. ಸಾಮಾನ್ಯ ಪ್ರಶ್ನೆಗಳು

ಪ್ರಶ್ನೆ: ನಮ್ಮ ಗನ್ ಬಹಳ ಹಳೆಯದು. ಪುರಾತನ ವಸ್ತುವೆಂದು ವಿನಾಯಿತಿ ಸಿಗುವುದೇ?
ಉತ್ತರ: ಹಳೆಯದು ಎಂಬ ಒಂದೇ ಕಾರಣ ಸಾಲದು. ದುರಸ್ತಿ ಮಾಡಿದರೂ ಬಳಸಲಾಗದ ಸ್ಥಿತಿಯಲ್ಲಿರಬೇಕು (ಪ್ರಕರಣ 45).

ಪ್ರಶ್ನೆ: ಮಿತಿಯೊಳಗಿನ 0.177 ಅಂಗುಲದ ಗನ್ನಿನಿಂದ ಅಂಗಳದಲ್ಲಿ ಗುರಿ ಅಭ್ಯಾಸ ಮಾಡಬಹುದೇ?
ಉತ್ತರ: ಇತರರ ಸುರಕ್ಷತೆಗೆ ಧಕ್ಕೆಯಾಗಬಾರದು. ಗುರಿಯ ಹಿಂದೆ ಮರಳಿನ ಚೀಲ ಇರಬೇಕು. ಕಲ್ಲಿನ ಗೋಡೆಗೆ ತಗಲಿದ ಪೆಲೆಟ್ ಹಿಂದಕ್ಕೆ ಸಿಡಿಯಬಹುದು. ನಿರ್ಲಕ್ಷ್ಯದಿಂದ ಇತರರಿಗೆ ಅಪಾಯವಾದರೆ ಭಾರತೀಯ ನ್ಯಾಯ ಸಂಹಿತೆ, 2023ರ 125ನೇ ಪ್ರಕರಣ ಅನ್ವಯಿಸುತ್ತದೆ.

ಪ್ರಶ್ನೆ: ಕೊಡಗಿನವರಿಗೆ ಇರುವ ವಿನಾಯಿತಿ ಇಲ್ಲಿಗೂ ಇದೆಯೇ?
ಉತ್ತರ: ಇಲ್ಲ. ಅದು ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಸೀಮಿತವಾದದ್ದು.

ಸಂಶಯವಿದ್ದಲ್ಲಿ ಸ್ವತಃ ತೀರ್ಮಾನಿಸದೆ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಅಥವಾ ತಮ್ಮ ವ್ಯಾಪ್ತಿಯ ಪೊಲೀಸ್ ಠಾಣೆಯಲ್ಲಿ ವಿಚಾರಿಸಿ ಖಚಿತಪಡಿಸಿಕೊಳ್ಳಲು ಸಾರ್ವಜನಿಕರಲ್ಲಿ ಕೋರಲಾಗಿದೆ.