ಪ್ರತಿಕಾಯ ಜನಕ ಕೋಶಗಳ ಗಣನೆ: ಒಂದು ವಿಧಾನದ ಇತಿಹಾಸ

ವಿಜ್ಞಾನದ ಇತಿಹಾಸವನ್ನು ಬರೆಯುವಾಗ ಸಿದ್ಧಾಂತಗಳಿಗೆ ಸಲ್ಲುವ ಮನ್ನಣೆ ವಿಧಾನಗಳಿಗೆ ಸಲ್ಲುವುದು ವಿರಳ. ಆದರೆ ಕೆಲವು ವಿವಾದಗಳು ತಕ್ಕ ವಿಧಾನವು ದೊರೆಯುವವರೆಗೆ ಇತ್ಯರ್ಥವಾಗಲಾರವು. ಇದಕ್ಕೆ ನಿದರ್ಶನವಾಗಿ ನಾವಿಲ್ಲಿ ಪ್ರತಿಕಾಯಗಳನ್ನು ಉತ್ಪಾದಿಸುವ ಜೀವಕೋಶಗಳ ಗಣನೆಯನ್ನು ಪರಿಶೀಲಿಸುತ್ತೇವೆ.

1896ರಲ್ಲಿ ವಿಡಾಲನು ವಿಷಮಶೀತ ಜ್ವರಕ್ಕೆ ರೂಪಿಸಿದ ಪರೀಕ್ಷೆಯಲ್ಲಿ ರೋಗಿಯ ಸೀರಮ್ ಬ್ಯಾಕ್ಟೀರಿಯಗಳನ್ನು ಗುಂಪುಗಟ್ಟಿಸುವುದನ್ನು ನೋಡಲಾಗುತ್ತಿತ್ತು. ಇಂತಹ ಪರೀಕ್ಷೆಗಳಿಂದ ರಕ್ತದಲ್ಲಿರುವ ಪ್ರತಿಕಾಯಗಳ ಒಟ್ಟು ಬಲವು ತಿಳಿಯುತ್ತಿತ್ತೇ ಹೊರತು, ಅವುಗಳನ್ನು ಉತ್ಪಾದಿಸಿದ ಕೋಶಗಳು ಎಷ್ಟೆಂಬುದು ತಿಳಿಯುತ್ತಿರಲಿಲ್ಲ. 1948ರಲ್ಲಿ ಸ್ವೀಡನ್ನಿನ ಆಸ್ಟ್ರಿಡ್ ಫಾಗ್ರೇಯಸ್ ಪ್ಲಾಸ್ಮಾ ಕೋಶಗಳೇ ಈ ಕಾರ್ಯವನ್ನು ನಡೆಸುವುವೆಂದು ಪ್ರತಿಪಾದಿಸಿದರು. 1957ರಲ್ಲಿ ಬರ್ನೆಟ್ ಮಂಡಿಸಿದ ಸಿದ್ಧಾಂತದಂತೆ ಒಂದು ಕೋಶವು ಒಂದೇ ಬಗೆಯ ಪ್ರತಿಕಾಯವನ್ನು ನೀಡಬೇಕಾಗಿತ್ತು. ಒಂದೊಂದು ಕೋಶವನ್ನೂ ಬೇರೆಯಾಗಿ ಪರೀಕ್ಷಿಸದೆ ಇದರ ಸತ್ಯಾಸತ್ಯತೆಯನ್ನು ನಿರ್ಣಯಿಸುವಂತಿರಲಿಲ್ಲ.

ಮೆಲ್ಬರ್ನಿನಲ್ಲಿ ನೊಸಾಲ್ ಮತ್ತು ಲೆಡರ್‌ಬರ್ಗ್ ನಡೆಸಿದ ಪ್ರಯೋಗವು 1958ರಲ್ಲಿ ಪ್ರಕಟವಾಯಿತು. ಎರಡು ಬಗೆಯ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಗಳ ವಿರುದ್ಧ ಪ್ರತಿರಕ್ಷೆ ಪಡೆದ ಇಲಿಗಳ ಕೋಶಗಳನ್ನು ಅವರು ಒಂದೊಂದಾಗಿ ಸೂಕ್ಷ್ಮ ಹನಿಗಳಲ್ಲಿರಿಸಿ, ಅಲ್ಲಿ ಈಜುವ ಬ್ಯಾಕ್ಟೀರಿಯಗಳ ಚಲನೆ ನಿಲ್ಲುವುದೇ ಎಂದು ಸೂಕ್ಷ್ಮದರ್ಶಕದಲ್ಲಿ ಗಮನಿಸಿದರು. ಯಾವ ಕೋಶವೂ ಎರಡೂ ಬಗೆಗಳನ್ನು ತಡೆಯಲಿಲ್ಲ. ಫಲಿತಾಂಶವು ಬರ್ನೆಟ್ಟರಿಗೆ ಅನುಕೂಲವಾಗಿದ್ದಿತು. ಆದರೆ ಈ ಶ್ರಮದಾಯಕ ಕ್ರಮದಿಂದ ಲಕ್ಷಾಂತರ ಕೋಶಗಳನ್ನು ಪರೀಕ್ಷಿಸುವುದು ಅಸಾಧ್ಯ.

ಈ ಕೊರತೆಯನ್ನು 1963ರಲ್ಲಿ ಪಿಟ್ಸ್‌ಬರ್ಗಿನಲ್ಲಿ ಯೆರ್ನೆ ಮತ್ತು ನಾರ್ಡಿನ್ ನೀಗಿಸಿದರು. ಕುರಿಯ ಕೆಂಪು ರಕ್ತಕಣಗಳ ವಿರುದ್ಧ ಪ್ರತಿರಕ್ಷೆ ಪಡೆದ ಪ್ರಾಣಿಯ ಗುಲ್ಮ ಮೊದಲಾದ ಅಂಗಗಳ ಕೋಶಗಳನ್ನು ಅದೇ ರಕ್ತಕಣಗಳೊಡನೆ ಅಗರ್ ಪದರದಲ್ಲಿ ಬೆರೆಸಿ, ಬಳಿಕ ಸೀರಮ್ಮಿನ ಕಾಂಪ್ಲಿಮೆಂಟ್ ಎಂಬ ಅಂಶವನ್ನು ಸೇರಿಸಿದಾಗ, ಪ್ರತಿಕಾಯ ಸ್ರವಿಸುವ ಪ್ರತಿಯೊಂದು ಕೋಶದ ಸುತ್ತಲೂ ರಕ್ತಕಣಗಳು ಒಡೆದು ತಿಳಿಯಾದ ಚುಕ್ಕೆಯೊಂದು ಮೂಡಿತು. ಚುಕ್ಕೆಗಳನ್ನೆಣಿಸಿದರೆ ಕೋಶಗಳನ್ನೆಣಿಸಿದಂತೆಯೇ. ಮುಂದೆ ರಕ್ತಕಣಗಳಿಗೆ ಬ್ಯಾಕ್ಟೀರಿಯದ ಹೊರಪದರದ ದ್ರವ್ಯವನ್ನು ಲೇಪಿಸಿ, ಬ್ಯಾಕ್ಟೀರಿಯ ವಿರೋಧಿ ಕೋಶಗಳನ್ನೂ ಎಣಿಸುವುದು ಸಾಧ್ಯವಾಯಿತು.

ಆದರೂ ಈ ಸಂಖ್ಯೆಗಳನ್ನು ಎಚ್ಚರಿಕೆಯಿಂದ ಓದಬೇಕು. ಮೂಲ ವಿಧಾನದಲ್ಲಿ ಕಾಣುತ್ತಿದ್ದುದು ಮುಖ್ಯವಾಗಿ ಐಜಿಎಂ ವರ್ಗದ ಪ್ರತಿಕಾಯವನ್ನು ಸ್ರವಿಸುವ ಕೋಶಗಳು. ಐಜಿಜಿ ವರ್ಗದವುಗಳನ್ನು ಕಾಣಲು ಮತ್ತೊಂದು ಪ್ರತಿಸೀರಮ್ಮನ್ನು ಕೂಡಿಸಬೇಕಾಯಿತು. 1983ರಲ್ಲಿ ಎರಡು ತಂಡಗಳು ಪ್ರತ್ಯೇಕವಾಗಿ ಪ್ರಕಟಿಸಿದ ಎಲಿಸ್ಪಾಟ್ ವಿಧಾನವು ರಕ್ತಕಣಗಳ ಅವಲಂಬನೆಯನ್ನೇ ಬಿಟ್ಟು, ಕಿಣ್ವದಿಂದ ಮೂಡುವ ಬಣ್ಣದ ಚುಕ್ಕೆಗಳನ್ನು ಆಶ್ರಯಿಸಿತು.

ಜನಗಣತಿಯಲ್ಲಿ ಕೇಳದ ಪ್ರಶ್ನೆಗೆ ಪಟ್ಟಿಯಲ್ಲಿ ಉತ್ತರವಿರುವುದಿಲ್ಲ; ಉತ್ತರವಿಲ್ಲವೆಂಬ ಮಾತ್ರಕ್ಕೆ ಸಂಗತಿಯೇ ಇಲ್ಲವೆನ್ನಲಾಗದು. ಪ್ರಯೋಗಶಾಲೆಯ ಅಂಕಿಗಳಿಗೂ ಇದೇ ನ್ಯಾಯವು ಸಲ್ಲತಕ್ಕದ್ದು. ಎಣಿಕೆ ಎಷ್ಟೆಂದು ಕೇಳುವ ಮುನ್ನ, ಅದನ್ನು ಹೇಗೆ ಎಣಿಸಿದರೆಂದು ಕೇಳುವುದು ಇತಿಹಾಸ ವಿದ್ಯಾರ್ಥಿಯ ಮೊದಲ ಕರ್ತವ್ಯವೆಂದು ನಾವು ಭಾವಿಸುತ್ತೇವೆ.